ಖಾಲಿ ಕೋವಿಯ ಸದ್ದು

ಕ್ಲೈಂಟ್ ಕಳಿಸಿದ ಪಟ್ಟಿಯಲ್ಲಿ ಒಂಬತ್ತು ಆಯುಧಗಳಿದ್ದವು. ಮೊದಲ ಸಲ ಓದಿದಾಗಲೇ ಎರಡು ತಪ್ಪು ಕಣ್ಣಿಗೆ ಬಿದ್ದವು. ಕುಡುಗೋಲು ಅಂತ ಬರೆದಿದ್ದ ಕಡೆ ತೆರೆಯ ಮೇಲಿದ್ದದ್ದು ಆಳೆತ್ತರದ ಹಿಡಿಯ ಹುಲ್ಲುಗತ್ತಿ. ಪಂಪ್ ಶಾಟ್‌ಗನ್ ಅಂತ ಬರೆದಿದ್ದ ಕಡೆ ಸಿನಿಮಾದ ಅಜ್ಜಿಯ ಕೈಯಲ್ಲಿದ್ದದ್ದು ಜೋಡಿನಳಿಗೆಯ ಬೇಟೆ ಕೋವಿ. ಮೊದಲನೆಯದನ್ನು ತಿದ್ದಿ ಕಳಿಸಿದೆ, ಯಾರೂ ಚಕಾರ ಎತ್ತಲಿಲ್ಲ. ಎರಡನೆಯದಕ್ಕೆ ಮೂರು ವಾರ ಜಗಳ ಆಡಿದೆ.

ನಾನು ಕೆಲಸ ಮಾಡುವುದು ಸಿಂಗಾಪುರದ ಬ್ಯೂನಾ ವಿಸ್ಟಾದ ಒಂದು ಸಣ್ಣ ಸೌಂಡ್ ಸ್ಟುಡಿಯೋದಲ್ಲಿ. ರಷ್ಯಾದ ಒಂದು ಹಾರರ್ ಸಿನಿಮಾವನ್ನು ಡಬ್ ಮಾಡಿ ಈ ಕಡೆಯ ದೇಶಗಳಲ್ಲಿ ಬಿಡುಗಡೆ ಮಾಡುವ ಹಕ್ಕನ್ನು ಒಂದು ಕಂಪನಿ ತಗೊಂಡಿತ್ತು. ಡಬ್ ಮಾಡಬೇಕಾದರೆ ಮಾತು ಒಂದು ಟ್ರ್ಯಾಕಿನಲ್ಲಿ, ಉಳಿದ ಸದ್ದು ಇನ್ನೊಂದು ಟ್ರ್ಯಾಕಿನಲ್ಲಿ ಸಿಗಬೇಕು. ಅಲ್ಲಿಂದ ಬಂದ ಸದ್ದಿನ ಟ್ರ್ಯಾಕ್ ಅರ್ಧಂಬರ್ಧ. ಯಾರೂ ಬಾಯಿ ಬಿಡದ ಕಡೆ ಎಲ್ಲ ಸರಿಯಾಗಿತ್ತು. ಗುಂಡು ಹಾರುವ ಸದ್ದುಗಳಂತೂ ಕ್ಷೇಮ, ಗುಂಡು ಹಾರುವಾಗ ಯಾರು ತಾನೇ ಮಾತಾಡುತ್ತಾರೆ? ಆದರೆ ಮಾತಿನ ಅಡಿಯಲ್ಲಿದ್ದ ಸಣ್ಣ ಸದ್ದುಗಳೆಲ್ಲ ಮಾತಿನ ಜೊತೆಗೇ ಹೋಗಿಬಿಟ್ಟಿದ್ದವು. ಹೆಜ್ಜೆ, ಬಟ್ಟೆಯ ಸರಭರ, ಬಾಗಿಲು, ಕೋವಿ ಬಿಚ್ಚುವುದು, ಮುಚ್ಚುವುದು. ಅವನ್ನೆಲ್ಲ ಹೊಸದಾಗಿ ರೆಕಾರ್ಡ್ ಮಾಡಿ, ತೆರೆಯ ಮೇಲಿನ ಕೈಗೆ ಸರಿಯಾಗಿ ಕೂರಿಸುವುದು ನನ್ನ ಕೆಲಸ. ಅದಕ್ಕೆ ಕೊಟ್ಟಿದ್ದ ಸಮಯ ಮೂರು ವಾರ.

ಇಲ್ಲಿ ಇರಲು ಬೇಕಾದ ನನ್ನ ವರ್ಕ್ ಪಾಸ್ ರಿನ್ಯೂ ಆಗಬೇಕಿದ್ದದ್ದೂ ಆಗಲೇ. ಸ್ಟುಡಿಯೋದ ಮಾಲೀಕ ಐವತ್ತು ದಾಟಿದ ಸಿಂಗಾಪುರದ ಚೀನೀ ಮನುಷ್ಯ, ಎಲ್ಲರೂ ಬಾಸ್ ಅಂತಲೇ ಕರೆಯುತ್ತೇವೆ. ಕೆಟ್ಟವನಲ್ಲ, ಆದರೆ ಸುತ್ತು ಬಳಸು ಇಲ್ಲ. ಮೊದಲ ದಿನವೇ, ಮಾತಿನ ಕೊನೆಗೆ ಲಾ ಸೇರಿಸುವ ಇಲ್ಲಿನ ಇಂಗ್ಲಿಷಿನಲ್ಲಿ ಹೇಳಿಬಿಟ್ಟ. "ಈ ಕ್ಲೈಂಟ್ ಹೊಸಬರು. ಅವರು ಅಪ್ರೂವ್ ಮಾಡಿದ್ರೆ ನಿನ್ನ ಪಾಸಿನ ಫಾರ್ಮ್ ಅವತ್ತೇ ಕಳಿಸ್ತೀನಿ. ರಿಜೆಕ್ಟ್ ಮಾಡಿದ್ರೆ ಅವರ ಬೇರೆ ಕೆಲಸಾನೂ ಇಲ್ಲ, ನಿನಗೂ ಕೆಲಸ ಇಲ್ಲ. ಸಿಂಪಲ್ ಲಾ."

ಅವನಿಗೆ ಸಿಂಪಲ್. ನನಗೆ ಟೋವಾ ಪಾಯೋದ ಬಾಡಿಗೆ ಫ್ಲಾಟು, ಶಾಲೆಗೆ ಹೋಗುವ ಮಗಳು, ಎಲ್ಲಾ ಆ ಒಂದು ಫಾರ್ಮಿನ ಮೇಲೆ ನಿಂತಿತ್ತು.

ಮೊದಲ ವಾರ ಸುಲಭದ ಆಯುಧಗಳು. ಹುಲ್ಲುಗತ್ತಿ, ಕೊಡಲಿ, ಒಲೆ ಕೆದಕುವ ಸರಳು, ಮೀನು ಸೀಳುವ ಚಾಕು, ಮಂಜುಗಡ್ಡೆ ಒಡೆಯುವ ಹಾರೆ. ಟೋವಾ ಪಾಯೋ ಮಾರ್ಕೆಟ್ಟಿನ ಹಿಂದಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಡಲಿ, ಸಣ್ಣ ಹಾರೆ, ನಾಲ್ಕು ತರಹದ ಬಾಗಿಲ ಚಿಲಕ ತಗೊಂಡೆ. ಬುದ್ಧಿ ಇಲ್ಲದೆ ಅವನ್ನು ಚೀಲದಲ್ಲಿ ತುಂಬಿಕೊಂಡು MRT ರೈಲು ಸ್ಟೇಷನ್ನಿಗೆ ಹೋದೆ. ಬ್ಯಾಗ್ ಚೆಕ್ ಮಾಡುವ ಅಂಕಲ್ ಚೀಲ ತೆರೆದು ನೋಡಿ ನನ್ನ ಮುಖ ನೋಡಿದರು. "ಇದೆಲ್ಲಾ ಏನಕ್ಕೆ ಮೇಡಂ?"

"ದೆವ್ವಕ್ಕೆ," ಅಂದೆ. ಬಾಯಿಗೆ ಬಂದದ್ದು ಅದೇ.

ಅವರು ನಗಲಿಲ್ಲ. ಕಾರ್ಡು ತೋರಿಸಿ, ಸಿನಿಮಾ ಕೆಲಸ ಅಂತ ವಿವರಿಸಿ, ಮರ್ಯಾದೆಯಾಗಿ ವಾಪಸ್ಸು ಬಂದು ಟ್ಯಾಕ್ಸಿ ಹಿಡಿದೆ.

ಈ ಊರಿನಲ್ಲಿ ಕೋವಿಯ ಸುದ್ದಿಗೆ ಹೋಗುವ ಹಾಗೇ ಇಲ್ಲ. ನಿಜದ್ದನ್ನು ಬಿಡಿ, ನಿಜದ ಹಾಗೆ ಕಾಣುವ ಆಟಿಕೆಗೂ ಅಪ್ಪಣೆ ಬೇಕು. ಹಾಗಾಗಿ ಪೊಲೀಸನ ಮಕಾರೋವ್ ಪಿಸ್ತೂಲಿನ ಸ್ಲೈಡ್ ಎಳೆಯುವ ಸದ್ದನ್ನು ಆಫೀಸಿನ ದೊಡ್ಡ ಸ್ಟೇಪ್ಲರ್ ಮತ್ತು ಹಳೇ ಕ್ಯಾಮೆರಾದಿಂದ ಕಟ್ಟಿದೆ. ಎರಡು ರೈಫಲ್‌ಗಳ ಬೋಲ್ಟಿಗೆ ಬಾಗಿಲ ಚಿಲಕ ಸಾಕಾಯಿತು. ಒಂದಕ್ಕೆ ಎಣ್ಣೆ ಹಾಕಿದ ಚಿಲಕ, ಇನ್ನೊಂದಕ್ಕೆ ತುಕ್ಕು ಹಿಡಿದದ್ದು, ಯಾಕೆಂದರೆ ಆ ಎರಡನೇ ರೈಫಲ್ಲಿನ ಯಜಮಾನ ಕುಡುಕ, ಅವನು ಎಲ್ಲಿ ಎಣ್ಣೆ ಹಾಕಿರುತ್ತಾನೆ. ಹಾರುವ ಕಾಡತೂಸಿನ ಖೋಲಿಗೆ ಲಿಪ್‌ಸ್ಟಿಕ್ಕಿನ ಮುಚ್ಚಳ. ಬಾಸ್ ಕೇಳಿ ತಲೆಯಾಡಿಸಿದ. ಅಲ್ಲಿಗೆ ಎಂಟು ಆಯುಧ ಮುಗಿದವು.

ಉಳಿದದ್ದು ಅಜ್ಜಿಯ ಕೋವಿ.

ಆ ದೃಶ್ಯ ಹೇಳಿಬಿಡುತ್ತೇನೆ. ಮಂಜಿನಲ್ಲಿ ಮುಳುಗಿದ ಒಂದು ಹಳ್ಳಿ. ಸತ್ತವರ ದನಿಯಲ್ಲಿ ಮಾತಾಡುವ ಒಂದು ದೆವ್ವ ಮನೆ ಮನೆಗೆ ನುಗ್ಗುತ್ತಿದೆ. ಗುಂಡಿಗೆ ಅದು ಸಾಯುವುದಿಲ್ಲ, ಆದರೆ ಹೆದರಿ ಹಿಂದೆ ಸರಿಯುತ್ತದೆ. ಅಜ್ಜಿಯ ಬೆನ್ನ ಹಿಂದೆ ಮೊಮ್ಮಗಳು. ಅಜ್ಜಿ ಎರಡೂ ನಳಿಗೆ ಹಾರಿಸಿಬಿಟ್ಟಿದ್ದಾಳೆ. ಕೋವಿಯನ್ನು ಕೀಲಿನಲ್ಲಿ ಮಡಚಿ ಬಿಚ್ಚುತ್ತಾಳೆ, ಖಾಲಿ ಖೋಲುಗಳು ನೆಲಕ್ಕೆ ಬೀಳುತ್ತವೆ, ಏಪ್ರನ್ನಿನ ಜೇಬಿಗೆ ಕೈ ಹಾಕುತ್ತಾಳೆ, ಇನ್ನೊಂದು ಜೇಬಿಗೂ ಹಾಕುತ್ತಾಳೆ. ಕೈ ಬರಿದಾಗಿ ಹೊರಗೆ ಬರುತ್ತದೆ. ಅಷ್ಟು ಹೊತ್ತೂ ಆ ದೆವ್ವ ಅವಳ ಸತ್ತ ಗಂಡನ ದನಿಯಲ್ಲಿ ಮಾತಾಡುತ್ತಲೇ ಇರುತ್ತದೆ, ಅದಕ್ಕೇ ಸದ್ದುಗಳೆಲ್ಲ ಹೋಗಿದ್ದದ್ದು. ಕೋವಿ ಆ ಗಂಡನದೇ. ಅಜ್ಜಿ ಖಾಲಿ ಕೋವಿಯನ್ನೇ ಮುಚ್ಚಿ ದೆವ್ವದ ಮುಖಕ್ಕೆ ಹಿಡಿಯುತ್ತಾಳೆ. ಮುಚ್ಚುವಾಗ ಕ್ಯಾಮೆರಾ ಅವಳ ಮುಖದ ಮೇಲಿದೆ, ಕೈ ಕಾಣುವುದಿಲ್ಲ, ಭುಜ ಮಾತ್ರ ಒಮ್ಮೆ ಜೋರಾಗಿ ಕುಲುಕುತ್ತದೆ. ದೆವ್ವದ ಮಾತು ನಿಲ್ಲುತ್ತದೆ. ಆಮೇಲೆ ಅದು ಹಿಂದೆ ಹಿಂದೆ ಹೆಜ್ಜೆ ಇಟ್ಟು ಹೊರಗೆ ಹೋಗುತ್ತದೆ.

ಇಲ್ಲಿ ಕ್ಲೈಂಟಿನ ಟಿಪ್ಪಣಿ ಹೀಗಿತ್ತು: ಎರಡು ಕಾಡತೂಸು ತುಂಬುವ ಸದ್ದು ಸೇರಿಸಿ, ಆಮೇಲೆ ಪಂಪ್ ಎಳೆಯುವ ಸದ್ದು, ಜೋರಾಗಿ. ಅಂದರೆ ಸಿನಿಮಾದಲ್ಲಿ ಯಾರು ಯಾವ ಕೋವಿ ಎತ್ತಿದರೂ ಬರುತ್ತದಲ್ಲ, ಚಕ್ ಚಕ್, ಅದು. ಜೋಡಿನಳಿಗೆ ಕೋವಿಯಲ್ಲಿ ಎಳೆಯಲು ಪಂಪ್ ಎಲ್ಲಿಂದ ಬರಬೇಕು?

ಆ ಟಿಪ್ಪಣಿ ಬರೆದವರು ಕ್ಲೈಂಟ್ ಕಡೆಯ ಸೂಪರ್‌ವೈಸರ್, ಬೆಂಗಳೂರಿನವರು, ಈಗ ಇದೇ ಊರಲ್ಲಿದ್ದಾರೆ. ಫೋನ್ ಮಾಡಿದೆ. ಕನ್ನಡ ಕೇಳಿ ಖುಷಿಪಟ್ಟರು, ಯಾವ ಊರು ಅಂತ ವಿಚಾರಿಸಿದರು.

"ಓ, ಕೂರ್ಗ್‌ನೋರಾ ಮೇಡಂ? ಹಾಗಾದ್ರೆ ಗನ್ ವಿಷಯ ನಿಮಗೆ ಹೇಳೋ ಹಾಗೇ ಇಲ್ಲ ಬಿಡಿ."

"ಹಾಗಂತ ನೀವೇ ಹೇಳ್ತಿದೀರ, ಪಂಪ್ ಹಾಕಿ ಅಂತಾನೂ ಬರ್ದಿದೀರ," ಅಂದೆ.

"ಅಯ್ಯೋ, ಟೆಕ್ನಿಕಲಿ ನೀವೇ ಕರೆಕ್ಟ್. ಆದ್ರೆ ಆಡಿಯನ್ಸ್‌ಗೆ ಥ್ರೆಟ್ ಫೀಲ್ ಆಗ್ಬೇಕಲ್ಲ. ಮತ್ತೆ ಬೆಳಿಗ್ಗೆ ಸೀನ್‌ನಲ್ಲಿ ಮೊಮ್ಮಗಳು ಕೋವಿ ಓಪನ್ ಮಾಡಿ ನೋಡಿದಾಗ ಖಾಲಿ ಇರುತ್ತೆ, ಅದು ಟ್ವಿಸ್ಟು. ಮೊದ್ಲೇ ಖಾಲಿ ಅಂತ ಕೇಳಿಸಿಬಿಟ್ರೆ ಟ್ವಿಸ್ಟ್ ವೇಸ್ಟ್ ಆಗೋಯ್ತು."

ಮನುಷ್ಯ ದಡ್ಡನಲ್ಲ. ಮತ್ತೆ ಮತ್ತೆ ಆ ದೃಶ್ಯ ಓಡಿಸಿ ನೋಡಿ ಮರುದಿನ ಮತ್ತೆ ಫೋನ್ ಮಾಡಿದೆ. "ಬರಿಗೈಯನ್ನ ಡೈರೆಕ್ಟರ್ ಮುಚ್ಚಿಟ್ಟಿಲ್ಲ ಸರ್, ಕ್ಲೋಸಪ್ಪಲ್ಲಿ ತೋರಿಸಿದಾನೆ. ನಮಗೆ ಗೊತ್ತಿರಬೇಕು. ಗೊತ್ತಿಲ್ಲದೆ ಇರೋದು ದೆವ್ವಕ್ಕೆ, ಮೊಮ್ಮಗಳಿಗೆ. ಅದು ಟ್ವಿಸ್ಟ್ ಅಲ್ಲ, ಮುದುಕಿಯ ಧೈರ್ಯ."

"ನೀವು ಟೂ ಮಚ್ ಥಿಂಕ್ ಮಾಡ್ತೀರಾ ಮೇಡಂ. ಸರಿ, ನಿಮ್ಮ ವರ್ಷನ್ ಮಾಡಿ ತೋರಿಸಿ, ನೋಡೋಣ."

ತೋರಿಸುತ್ತೇನೆ ಅಂತ ಅವುಡುಗಚ್ಚಿ ಕೂತೆ. ಈ ಸದ್ದಿಗೆ ಸ್ಟೇಪ್ಲರ್, ಚಿಲಕ ನಡೆಯುವುದಿಲ್ಲ. ಖಾಲಿ ಜೋಡಿನಳಿಗೆ ಮುಚ್ಚಿದಾಗ ಎರಡು ಕೊಳವೆಗಳೂ ಒಂದು ಕ್ಷಣ ಗುಂಯ್ ಅನ್ನುತ್ತವೆ. ಕಾಡತೂಸು ತುಂಬಿದ್ದರೆ ಆ ಗುಂಯ್ ಇರುವುದಿಲ್ಲ, ದಪ್ಪಗೆ ಕೇಳುತ್ತದೆ. ಚಿಕ್ಕಂದಿನಿಂದ ಕೇಳಿದ ಕಿವಿಗೆ ಪಕ್ಕದ ಕೋಣೆಯಿಂದಲೂ ಗೊತ್ತಾಗುತ್ತದೆ. ನಿಜದ ಕೋವಿಯೇ ಬೇಕಿತ್ತು, ಅದು ಇದ್ದದ್ದು ಕೊಡಗಿನಲ್ಲಿ, ಅಣ್ಣನ ಮನೆಯಲ್ಲಿ.

ಅತ್ತಿಗೆಗೆ ಫೋನ್ ಮಾಡಿದೆ. ನಮ್ಮ ಅತ್ತಿಗೆ, ಆಯುಧಗಳಿಗೆ ಪೂಜೆ ಮಾಡುವ ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಗಂಡಸರನ್ನು ಸೋಲಿಸಿದ ಹೆಂಗಸು. ಹಿಂದಿನ ರಜೆಯಲ್ಲಿ ನಾನು ಅಲ್ಲೇ ಬಿಟ್ಟು ಬಂದಿದ್ದ ರೆಕಾರ್ಡರ್ ಕಪಾಟಿನಲ್ಲಿತ್ತು. ನಾವು ಮಾತಾಡಿಕೊಂಡದ್ದು ನಮ್ಮ ಮನೆಮಾತಾದ ಕೊಡವ ತಕ್ಕಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಸದ್ದು ಮಾತ್ರ ಸಾಕಾ? ಖಾಲಿ ಖೋಲು ಎರಡು ಪಾರ್ಸೆಲ್ ಮಾಡ್ಲಾ?"

"ದಮ್ಮಯ್ಯ ಅಂತೀನಿ, ಬೇಡ! ಇಲ್ಲಿ ಖಾಲಿ ಖೋಲು ಸಿಕ್ಕಿದ್ರೂ ಒಳಗೆ ಹಾಕ್ತಾರೆ."

"ಎಂಥಾ ಊರು ಮಾರಾಯ್ತಿ," ಅಂದರು ಅತ್ತಿಗೆ.

ಸ್ಟೋರ್ ರೂಮಿನ ಗೋಡೆಗೆ ಕಂಬಳಿ ತೂಗುಹಾಕಿಸಿದೆ. ರೆಕಾರ್ಡರನ್ನು ಕೋವಿಯ ಕೀಲಿನಿಂದ ಒಂದು ಮೊಳ ದೂರ ಇಡಿಸಿದೆ. ಮೂವತ್ತು ಸಲ ಬಿಚ್ಚಿ ಮೂವತ್ತು ಸಲ ಮುಚ್ಚಬೇಕು, ನಡುವೆ ಐದು ಎಣಿಸುವಷ್ಟು ಹೊತ್ತು ಸುಮ್ಮನಿರಬೇಕು. ಏಳನೇ ಟೇಕಿನಲ್ಲಿ ಕುಕ್ಕರ್ ಕೂಗಿತು. ಹನ್ನೆರಡನೆಯದರಲ್ಲಿ ನಾಯಿ. ಉಳಿದವೆಲ್ಲ ಶುದ್ಧವಾಗಿದ್ದವು, ಆ ಗುಂಯ್ ಕೂಡ ಎಲ್ಲದರಲ್ಲೂ ಸಿಕ್ಕಿತ್ತು. ಕೇಳಿ ಕುಣಿದಾಡಿಬಿಟ್ಟೆ. ಹತ್ತೊಂಬತ್ತನೇ ಟೇಕ್ ಆರಿಸಿ, ತೆರೆಗೆ ಕೂರಿಸಿ, ಸ್ವಲ್ಪ ಏರಿಸಿ, ಎರಡನೇ ವಾರದ ಕೊನೆಗೆ ಸೂಪರ್‌ವೈಸರ್ ಮುಂದೆ ಇಟ್ಟೆ.

ಅವರು ಸ್ಟುಡಿಯೋಗೆ ಬಂದು ಕೂತರು, ಪಕ್ಕದಲ್ಲಿ ಬಾಸ್. ದೃಶ್ಯ ಓಡಿತು. ಅಜ್ಜಿಯ ಭುಜ ಕುಲುಕಿತು, ನನ್ನ ಸದ್ದು ಬಂತು. ಸೂಪರ್‌ವೈಸರ್ ಪಕ್ಕನೆ ನಕ್ಕುಬಿಟ್ಟರು.

"ಸಾರಿ ಮೇಡಂ. ಆದ್ರೆ ಇದು ಕೋವಿನಾ, ಟಿಫಿನ್ ಬಾಕ್ಸಾ?"

ಅವಮಾನ ಆಯಿತು. ಅದಕ್ಕಿಂತ ಹೆಚ್ಚಾಗಿ, ಅವರು ಹೇಳಿದ್ದು ನಿಜವಾಗಿತ್ತು. ಅಷ್ಟು ದೊಡ್ಡ ಭುಜದ ಕುಲುಕಿಗೆ ಒಂದು ಮೆತ್ತಗಿನ ಟಕ್. ಊಟ ಮುಗಿಸಿ ಡಬ್ಬಿ ಮುಚ್ಚಿದ ಹಾಗೇ ಇತ್ತು. ಬಾಸ್ ನನ್ನ ಕಡೆ ನೋಡಲಿಲ್ಲ. ಸೂಪರ್‌ವೈಸರ್ ಹೋದ ಮೇಲೆ ಹೇಳಿದ. "ಮುಂದಿನ ಗುರುವಾರ ಫೈನಲ್. ನಿನ್ನದೊಂದು ವರ್ಷನ್, ಅವರ ಪಂಪ್ ಹಾಕಿದ್ದು ಒಂದು ವರ್ಷನ್, ಎರಡೂ ರೆಡಿ ಇಡು. ಅವರು ಯಾವುದನ್ನ ಕೇಳ್ತಾರೋ ಅದು ಹೋಗುತ್ತೆ. ಹಟ ಬೇಡ."

ಎರಡು ದಿನ ಆ ಟೇಕುಗಳ ಜೊತೆ ಗುದ್ದಾಡಿದೆ. ಜೋರು ಮಾಡಿದೆ, ಮಂದ್ರ ಸೇರಿಸಿದೆ, ಎರಡು ಟೇಕ್ ಒಂದರ ಮೇಲೊಂದು ಇಟ್ಟೆ. ಜೋರಾದ ಟಿಫಿನ್ ಬಾಕ್ಸ್ ಆಯಿತು ಅಷ್ಟೇ. ನಮ್ಮ ಫ್ಲಾಟಿನ ಕಬ್ಬಿಣದ ಗೇಟನ್ನು ಬಡಿದು ರೆಕಾರ್ಡ್ ಮಾಡಿ ಅದನ್ನೂ ಬೆರೆಸಿದೆ. ಎದುರು ಮನೆಯ ಆಂಟಿ ಹೊರಗೆ ಬಂದು ಏನಾಯಿತು ಅಂತ ಕೇಳಿದರು. ಮಗಳು "ಅಮ್ಮಾ, ಸಾಕು ಲಾ, ಎಲ್ಲಾರೂ ನೋಡ್ತಿದಾರೆ" ಅಂದಳು. ಗೇಟಿನ ಸದ್ದು ಗೇಟಿನ ಹಾಗೇ ಕೇಳಿತು.

ಕೊನೆಗೆ ಅತ್ತಿಗೆಗೆ ವಿಡಿಯೋ ಕಾಲ್ ಮಾಡಿ, ಇನ್ನೊಮ್ಮೆ ಮುಚ್ಚಿ ತೋರಿಸಿ ಅಂದೆ. ಅತ್ತಿಗೆ ಕೋವಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಎಡಗೈಯಲ್ಲಿ ನಳಿಗೆ ಹಿಡಿದು, ಬಲಗೈಯಿಂದ ಹಿಡಿಯನ್ನು ನಿಧಾನಕ್ಕೆ ಮೇಲೆತ್ತಿ, ಹೆಬ್ಬೆರಳಿನಿಂದ ಮೇಲಿನ ಲಿವರಿಗೆ ಆಸರೆ ಕೊಟ್ಟು ಮುಚ್ಚಿದರು. ನೋಡುತ್ತಾ ನೋಡುತ್ತಾ ತಲೆ ಚಚ್ಚಿಕೊಂಡೆ. ಅಪ್ಪ ಹಾಗೇ ಮುಚ್ಚುತ್ತಿದ್ದರು, ಅಣ್ಣ ಹಾಗೇ ಮುಚ್ಚುತ್ತಾನೆ, ಕೈಗೆ ಕೊಟ್ಟರೆ ನಾನೂ ಹಾಗೇ ಮುಚ್ಚುತ್ತೇನೆ. ನಮ್ಮ ಮನೆಯಲ್ಲಿ ಕೋವಿಯನ್ನು ದಾಟುವುದಿಲ್ಲ, ಖಾಲಿ ಇದ್ದರೂ ಮನುಷ್ಯರ ಕಡೆ ತಿರುಗಿಸುವುದಿಲ್ಲ, ಬಡಿದು ಮುಚ್ಚುವುದಿಲ್ಲ. ಬಡಿದರೆ ಕೀಲು ಸಡಿಲವಾಗುತ್ತದೆ ಅನ್ನುವುದೊಂದು. ಹಬ್ಬದ ದಿನ ನಳಿಗೆಯ ಬಾಯಿಗೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ, ಗಂಧ ಹಚ್ಚಿ ಕೈ ಮುಗಿಯುವ ವಸ್ತು ಅನ್ನುವುದು ಇನ್ನೊಂದು. ಮೂವತ್ತು ಟೇಕ್ ಕೇಳಿಯೂ ನನಗೆ ಹೊಳೆಯದಿದ್ದದ್ದು ಇದಕ್ಕೇ. ನನ್ನ ಕಿವಿಗೆ ಕೋವಿ ಮುಚ್ಚುವ ಸದ್ದು ಅಂದರೆ ಅದೊಂದೇ.

ಅಜ್ಜಿ ಬಡಿದು ಮುಚ್ಚಿದ್ದಳು. ಭುಜ ಹೇಳುತ್ತಲೇ ಇತ್ತು, ನಾನು ಕೇಳಿಸಿಕೊಂಡಿರಲಿಲ್ಲ.

"ಅತ್ತಿಗೆ, ಇದನ್ನ ಬಡಿದು ಮುಚ್ಚೋಕಾಗುತ್ತಾ? ಒಂದೇ ಕೈಯಲ್ಲಿ, ಜೋರಾಗಿ?"

ಅತ್ತಿಗೆಯ ಮುಖ ಗಂಟಾಯಿತು. ಹಿಂದಿನಿಂದ ಅಣ್ಣನ ದನಿ ಬಂತು. "ಏನಂತೆ ಅವಳಿಗೆ?"

ಹೇಳಿದೆ. ಅಣ್ಣ ಫೋನಿನ ಮುಂದೆ ಬಂದ. "ಅಜ್ಜನ ಕೈಯಲ್ಲಿದ್ದ ಕೋವಿ ಅದು. ಸಿನಿಮಾದೋರ ಚಟಕ್ಕೆ ಬಡಿಯೋಕೆ ಕೊಡಲ್ಲ. ಇಷ್ಟು ವರ್ಷದಲ್ಲಿ ಯಾರೂ ಬಡಿದಿಲ್ಲ. ನೀನು ಕೇಳ್ತೀಯಾ ಅಂತ ನಾನು ಅಂದ್ಕೊಂಡಿರ್ಲಿಲ್ಲ."

"ನನ್ನ ಕೆಲಸ ಹೋಗುತ್ತೆ ಅಣ್ಣ."

"ಕೆಲಸ ಇನ್ನೊಂದು ಸಿಗುತ್ತೆ," ಅಂದು ಎದ್ದು ಹೋದ.

ಕೋಪ ಬಂತು, ಅವನ ಮೇಲೂ ನನ್ನ ಮೇಲೂ. ಅವನು ಹೇಳಿದ್ದು ನನಗೆ ಅರ್ಥವಾಗುತ್ತಿತ್ತು ಅನ್ನುವುದೇ ದೊಡ್ಡ ತೊಂದರೆ. ಬೇರೆ ಯಾರಾದರೂ ನಮ್ಮ ಕೋವಿ ಬಡಿಯುತ್ತೇನೆ ಅಂದಿದ್ದರೆ ನಾನೇ ಬೈದು ಓಡಿಸುತ್ತಿದ್ದೆ.

ಅತ್ತಿಗೆ ಫೋನ್ ಇಡಲಿಲ್ಲ. ಕೋವಿಯನ್ನು ಪಕ್ಕಕ್ಕಿಟ್ಟು ಕೇಳಿದರು. "ಆ ಮುದುಕಿ ಬೇಟೆಗಾರನ ಹೆಂಡತಿ ಅಂದ್ಯಲ್ಲ. ಅವಳಿಗೂ ಗೊತ್ತಿರಬೇಕಲ್ವಾ ಕೋವಿ ಬಡಿಯಬಾರದು ಅಂತ? ಮತ್ಯಾಕೆ ಬಡಿದ್ಲು?"

ನಾನು ಆ ಪ್ರಶ್ನೆ ಕೇಳಿಕೊಂಡೇ ಇರಲಿಲ್ಲ. ಬಾಯಿಗೆ ಬಂದ ಹಾಗೆ ಹೇಳುತ್ತಾ ಹೋದೆ. "ಗಂಡನ ದನೀಲಿ ಮಾತಾಡ್ತಿದೆ ಅದು. ಗಂಡನಿಗೆ ಕೋವಿಯ ಸದ್ದು ಗೊತ್ತು. ಮೆಲ್ಲಗೆ ಮುಚ್ಚಿದ್ರೆ ಖಾಲಿ ಅಂತ ತಿಳಿದುಬಿಡುತ್ತೆ. ಅದಕ್ಕೇ ಬಡೀತಾಳೆ, ತುಂಬಿದೆ ಅಂತ ನಂಬಿಸೋಕೆ. ಅವಳ ಹತ್ರ ಬೇರೆ ಏನೂ ಉಳಿದಿಲ್ಲ ಅತ್ತಿಗೆ. ಬಡಿಯೋದೊಂದೇ ಉಳಿದಿರೋದು."

"ಆ ತುಂಡು ಕಳಿಸು, ನೋಡ್ತೀನಿ," ಅಂದರು.

ಅನುಮತಿ ಇಲ್ಲದೆ ಸಿನಿಮಾದ ತುಣುಕು ಹೊರಗೆ ಕಳಿಸುವ ಹಾಗಿಲ್ಲ. ಹಾಗಾಗಿ ಆ ದೃಶ್ಯವನ್ನು ಬಾಯಲ್ಲೇ ಪೂರ್ತಿ ಹೇಳಿದೆ, ಜೇಬಿನಲ್ಲಿ ಕೈ ಆಡುವುದು, ಮೊಮ್ಮಗಳ ಮುಖ, ಎಲ್ಲಾ. ಅತ್ತಿಗೆ ಹೂಂಗುಡುತ್ತಾ ಕೇಳಿದರು. ಕೊನೆಗೆ ನಾನೇ ಹೇಳಿದೆ, ಅಣ್ಣನಿಗೆ ಬೇಜಾರು ಮಾಡುವುದು ಬೇಡ, ಬಿಡಿ, ಹೇಗಾದರೂ ಮಾಡಿಕೊಳ್ಳುತ್ತೇನೆ.

ಬಾಸ್ ಹೇಳಿದ ಎರಡನೇ ವರ್ಷನ್ ಮಾಡಲು ಸೋಮವಾರ ಕೂತೆ. ಲೈಬ್ರರಿಯಲ್ಲಿ ಪಂಪಿನ ಸದ್ದು ಬೇಕಾದಷ್ಟು ಇವೆ. ಒಂದನ್ನು ಎಳೆದು ಅಜ್ಜಿಯ ಭುಜದ ಕೆಳಗೆ ಇಟ್ಟೆ. ಚಕ್ ಚಕ್. ಸರಿಯಾಗಿ ಕೂತಿತು, ಹಾಳಾದ್ದು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಇನ್ನೊಮ್ಮೆ ಓಡಿಸಿದೆ. ಅಜ್ಜಿಯ ಮುಖ ನೋಡಿದೆ. ಖಾಲಿ ಕೋವಿ ಹಿಡಿದು ಬದುಕಿಗಾಗಿ ಸುಳ್ಳು ಹೇಳುತ್ತಿರುವ ಹೆಂಗಸಿನ ಬಾಯಿಂದ ಆ ಸುಳ್ಳನ್ನೂ ಕಿತ್ತುಕೊಂಡ ಹಾಗೆ ಅನ್ನಿಸಿತು. ಅಳಿಸಿಹಾಕಿದೆ. ಎರಡನೇ ವರ್ಷನ್ ಮಾಡುವುದಿಲ್ಲ ಅಂತ ಅಲ್ಲೇ ಕೂತು ತೀರ್ಮಾನಿಸಿದೆ. ಬೇಕಾದರೆ ನನ್ನನ್ನು ತೆಗೆದು ಅವರೇ ಹಾಕಿಕೊಳ್ಳಲಿ, ನನ್ನ ಕೈಯಿಂದ ಆಗುವುದಿಲ್ಲ. ಬಾಸ್‌ಗೆ ಹೇಳಲಿಲ್ಲ. ಹೇಳಿದರೆ ಅವನೇ ಕೂತು ಮಾಡಿಬಿಡುತ್ತಿದ್ದ.

ಬುಧವಾರ ಊಟದ ಹೊತ್ತಿಗೆ ಸಾಲು ಊಟದಂಗಡಿಗಳ ಹಾಕರ್ ಸೆಂಟರಿನಲ್ಲಿ ತಟ್ಟೆ ಹಿಡಿದು ಜಾಗ ಹುಡುಕುತ್ತಿದ್ದಾಗ ಫೋನ್ ಟಿಂಗ್ ಅಂದಿತು. ಅತ್ತಿಗೆಯಿಂದ ಒಂದು ಫೈಲ್. ಜೊತೆಗೆ ಒಂದು ವಾಯ್ಸ್ ಮೆಸೇಜ್.

"ಒಂದೇ ಸಲ ಬಡಿದಿದೀನಿ, ಇನ್ನೊಂದ್ಸಲ ಕೇಳಬೇಡ. ನಿಮ್ಮಣ್ಣನ ಎದುರಿಗೇ ಬಡಿದೆ, ಕದ್ದು ಮಾಡೋಳಲ್ಲ ನಾನು. ಮೊದಲು ಕೈ ಮುಗಿದೆ. ನಾಲ್ಕು ದಿನದಿಂದ ಆ ಮುದುಕಿ ನನ್ನ ತಲೇಲಿ ಕೂತಿದಾಳೆ ಕಣೇ, ಅಡುಗೆ ಮಾಡೋಕೆ ಬಿಡ್ತಿಲ್ಲ. ನಿಮ್ಮಣ್ಣ ಮಾತು ಬಿಟ್ಟಿದಾರೆ. ಬಿಡ್ಲಿ."

ತಟ್ಟೆ ಅಲ್ಲೇ ಬಿಟ್ಟು ಸ್ಟುಡಿಯೋಗೆ ಓಡಿದೆ. ಹೆಡ್‌ಫೋನ್ ಹಾಕಿ ಕೇಳಿದೆ. ಮೊದಲು ಅತ್ತಿಗೆಯ ಉಸಿರು. ಆಮೇಲೆ ಬಂದ ಆ ಬಡಿತಕ್ಕೆ ಕುರ್ಚಿಯಲ್ಲಿ ಬೆಚ್ಚಿಬಿದ್ದೆ. ಕಬ್ಬಿಣ, ಮರ, ಕೀಲು, ಎಲ್ಲಾ ಒಟ್ಟಿಗೆ. ಅದರ ಬೆನ್ನಿಗೇ, ಇನ್ನೂ ಉದ್ದವಾಗಿ, ಎರಡೂ ನಳಿಗೆಗಳ ಗುಂಯ್. ದೆವ್ವ ಆ ಬಡಿತಕ್ಕೇ ಬೆದರುತ್ತದೆ, ಆದರೆ ಕಿವಿಗೊಟ್ಟು ಕೇಳುವವರಿಗೆ ಎಷ್ಟು ಬಡಿದರೂ ಖಾಲಿತನ ಮುಚ್ಚಿರಲಿಲ್ಲ. ನನಗೆ ಅಳು ಬಂತು. ಅತ್ತು, ಕಣ್ಣು ಒರೆಸಿಕೊಂಡು, ಕೆಲಸಕ್ಕೆ ಕೂತೆ. ಏರಿಸಲಿಲ್ಲ, ಇಳಿಸಲಿಲ್ಲ, ಬೇರೇನೂ ಬೆರೆಸಲಿಲ್ಲ. ತೆರೆಗೆ ಕೂರಿಸಿದ್ದು ಮಾತ್ರ. ಉಸಿರನ್ನೂ ತೆಗೆಯಲಿಲ್ಲ, ಅಜ್ಜಿಯ ಮುಖಕ್ಕೆ ಅದು ಹಾಗೇ ಹೊಂದಿಕೊಂಡಿತು.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಸೂಪರ್‌ವೈಸರ್ ಬಂದರು. ಬಾಸ್ ಕಾಫಿ ತರಿಸಿದ್ದ. ಮೊದಲ ಒಂದು ಗಂಟೆ ಎಲ್ಲಾ ಸುಸೂತ್ರ. ಕೊಡಲಿಗೆ ಭೇಷ್ ಅಂದರು, ತುಕ್ಕು ಚಿಲಕದ ರೈಫಲ್ ಎರಡು ಸಲ ಕೇಳಿಸಿಕೊಂಡರು. ಅಜ್ಜಿಯ ದೃಶ್ಯ ಬಂತು.

"ಯಾವ ವರ್ಷನ್ ಮೊದ್ಲು ಪ್ಲೇ ಮಾಡ್ತೀರಾ?" ಅಂತ ಕೇಳಿದರು.

"ಒಂದೇ ಇರೋದು," ಅಂದೆ, ಬಾಸ್‌ಗೂ ತಿಳಿಯಲಿ ಅಂತ ಇಂಗ್ಲಿಷಿನಲ್ಲಿ. "ಪಂಪ್ ಹಾಕಿದ್ದು ಮಾಡಿಲ್ಲ. ಮಾಡೋದೂ ಇಲ್ಲ. ಇದು ಬೇಡ ಅಂದ್ರೆ ಬೇರೆಯವರ ಕೈಲಿ ಹಾಕಿಸಿ, ಟೈಟಲ್ ಕಾರ್ಡಿಂದ ನನ್ನ ಹೆಸರು ತೆಗೀರಿ."

ಬಾಸ್ ಕಾಫಿ ಲೋಟ ಕೆಳಗಿಟ್ಟ. ಅವನ ಕಿವಿ ಕೆಂಪಾಯಿತು. ಕ್ಲೈಂಟ್ ಮುಂದೆ ಬಾಯಿ ಬಿಡಲಾರದೆ ನನ್ನನ್ನೇ ದುರುಗುಟ್ಟಿ ನೋಡಿದ. ಚಿತ್ರ ಆಫ್ ಮಾಡಿದೆ. "ಮೊದಲು ಕೇಳಿ, ಆಮೇಲೆ ನೋಡಿ."

ಕಪ್ಪು ತೆರೆ. ಗುಂಡು ಒಂದು, ಗುಂಡು ಎರಡು. ಕೋವಿ ಬಿಚ್ಚಿತು. ಖೋಲುಗಳು ಮರದ ನೆಲಕ್ಕೆ ಬಿದ್ದು ಉರುಳಿದವು. ದೆವ್ವದ ಪಿಸುಮಾತು. ಒಂದು ಜೇಬಿನ ಬಟ್ಟೆ, ಇನ್ನೊಂದು ಜೇಬಿನ ಬಟ್ಟೆ. ಉಸಿರು. ಬಡಿತ. ಪಿಸುಮಾತು ನಿಂತಿತು.

ನಿಲ್ಲಿಸಿದೆ. ಸೂಪರ್‌ವೈಸರ್ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬಾಸ್, ಎಲ್ಲಾ ಸಿಂಗಾಪುರದ ಗಂಡಸರ ಹಾಗೆ ಹದಿನೆಂಟಕ್ಕೆ ಎರಡು ವರ್ಷ ಸೈನ್ಯದಲ್ಲಿ ರೈಫಲ್ ಹೊತ್ತವನು, ತನ್ನಷ್ಟಕ್ಕೆ ತಾನೇ ಮೆಲ್ಲಗೆ ಅಂದ. "ಎಂಪ್ಟಿ."

"ಏನು?" ಅಂದರು ಸೂಪರ್‌ವೈಸರ್.

"ಗನ್ ಎಂಪ್ಟಿ ಲಾ. ಕೇಳಿಸಲ್ವಾ? ಏನೂ ಇಲ್ಲ ಅವಳ ಹತ್ರ." ಬಾಸ್ ನನ್ನ ಕಡೆ ತಿರುಗಿದ. "ಇನ್ನೊಂದ್ಸಲ ಹಾಕು. ಚಿತ್ರದ ಜೊತೆ."

ಹಾಕಿದೆ. ಈ ಸಲ ಯಾರೂ ನಗಲಿಲ್ಲ. ದೆವ್ವ ಹೊರಗೆ ಹೋಗುವವರೆಗೆ ಸೂಪರ್‌ವೈಸರ್ ಮುಂದಕ್ಕೆ ಬಾಗಿ ಕೂತಿದ್ದರು. ಆಮೇಲೆ ಕನ್ನಡದಲ್ಲಿ ಹೇಳಿದರು. "ಖಾಲಿ ಅಂತ ಗೊತ್ತಿದ್ರೇನೇ ಜಾಸ್ತಿ ಭಯ ಆಗುತ್ತೆ ಮೇಡಂ. ನನ್ನ ನೋಟ್ ಹೊಡೆದುಹಾಕ್ತೀನಿ. ಆದ್ರೆ ಟ್ರೈಲರ್‌ಗೆ ಮಾತ್ರ ಪಂಪ್ ಹಾಕ್ಕೋತೀವಿ, ಮಾರ್ಕೆಟಿಂಗ್‌ನೋರು ಬಿಡಲ್ಲ."

"ಹಾಕ್ಕೊಳ್ಳಿ. ಅದರ ಹತ್ರ ನನ್ನ ಹೆಸರು ಸುಳೀಬಾರದು."

ಅವರು ಅಪ್ರೂವಲ್‌ಗೆ ಸೈನ್ ಮಾಡಿದರು. ಬಾಸ್ ಅವರನ್ನು ಲಿಫ್ಟಿನವರೆಗೆ ಬಿಟ್ಟು ಬಂದು ನನ್ನ ಮುಂದೆ ನಿಂತ. "ಇನ್ನೊಮ್ಮೆ ಹೀಗೆ ನನಗೆ ಹೇಳದೆ ಮಾಡಿದ್ರೆ ನಾನೇ ಓಡಿಸ್ತೀನಿ," ಅಂದ. "ಪಾಸ್ ಫಾರ್ಮಿಗೆ ನಿನ್ನ ಫೋಟೋ ಬೇಕು, ಹೊಸದು. ಸಂಜೆಯೊಳಗೆ ಕೊಡು."

ಸಿನಿಮಾ ಬಿಡುಗಡೆಯಾಗಿ ಆನ್‌ಲೈನಿಗೂ ಬಂದ ಮೇಲೆ, ಈಗ ಯಾರ ಅನುಮತಿಯೂ ಬೇಕಿರಲಿಲ್ಲ, ಅತ್ತಿಗೆಗೆ ಹೇಳಿ ಮನೆಯ ಟಿವಿಯಲ್ಲಿ ಹಾಕಿಸಿದೆ. ಫೋನ್ ಸ್ಪೀಕರಿನಲ್ಲಿಟ್ಟು ನಾನೂ ಈ ಕಡೆಯಿಂದ ಕೇಳುತ್ತಿದ್ದೆ. ಅ‍ಣ್ಣ ಅಷ್ಟರಲ್ಲಿ ಅತ್ತಿಗೆಯ ಹತ್ತಿರ ಮಾತಾಡುತ್ತಿದ್ದ, ನನ್ನ ಹತ್ತಿರ ಇನ್ನೂ ಇಲ್ಲ. ತನಗೆ ಹಾರರ್ ಪಾರರ್ ಆಗಲ್ಲ ಅಂತ ಅಣ್ಣ ಪೇಪರ್ ಹಿಡಿದು ಮೂಲೆಯಲ್ಲಿ ಕೂತಿದ್ದಾನೆ ಅಂತ ಅತ್ತಿಗೆ ಪಿಸುಗುಟ್ಟಿದರು. ಆ ದೃಶ್ಯ ಬಂತು. ಬಡಿತ ಬಂತು. ಅದೇ ಹೊತ್ತಿಗೆ ಅವರ ಮನೆಯಲ್ಲಿ ಕರೆಂಟ್ ಹೋಯಿತು.

ಆ ಕಡೆ ಪೇಪರ್ ಮಡಚಿದ ಸದ್ದು. ಆಮೇಲೆ ಫೋನಿನ ಹತ್ತಿರವೇ ಅಣ್ಣನ ದನಿ.

"ಏಯ್, ಮುದುಕಿ ಬದುಕಿದ್ಲಾ?"

"ಬದುಕದೆ ಏನು ಮಾಡ್ತಾಳೆ?" ಅಂದೆ.